ಆಟಗಾರನ ಪ್ರಾಣ ಕಾಯುವ ವಿದ್ಯೆ

೨೦೨೩ನೆಯ ಇಸವಿಯ ಜನವರಿ ೨ರ ರಾತ್ರಿ ಅಮೆರಿಕದ ಸಿನ್ಸಿನಾಟಿ ನಗರದಲ್ಲಿ ಫುಟ್‌ಬಾಲ್ ಪಂದ್ಯ ನಡೆಯುತ್ತಿತ್ತು. ಬಫಲೋ ತಂಡದ ಇಪ್ಪತ್ತನಾಲ್ಕರ ತರುಣ ಡಾಮರ್ ಹ್ಯಾಮ್ಲಿನ್ ಎದುರಾಳಿಯೊಬ್ಬನನ್ನು ತಡೆದು ಕೆಡವಿ ಎದ್ದು ನಿಂತವನು, ಮರುಕ್ಷಣವೇ ಹಿಮ್ಮುಖವಾಗಿ ಕುಸಿದುಬಿದ್ದ. ಎದೆಗೆ ತಗುಲಿದ ಪೆಟ್ಟಿನಿಂದ ಅವನ ಹೃದಯವೇ ನಿಂತುಹೋಗಿತ್ತು. ಆಗ ಅವನ ಎದೆಯನ್ನು ಲಯಬದ್ಧವಾಗಿ ಒತ್ತುತ್ತ ಪ್ರಾಣವನ್ನು ಹಿಡಿದು ನಿಲ್ಲಿಸಿದವರು ಡೆನ್ನಿ ಕೆಲಿಂಗ್ಟನ್. ಅವರು ವೈದ್ಯರಲ್ಲ, ತಂಡದ ಸಹಾಯಕ ಅಥ್ಲೆಟಿಕ್ ಟ್ರೈನರ್. ಆ ವರ್ಷ ಮುಗಿಯುವುದರೊಳಗೆ ಹ್ಯಾಮ್ಲಿನ್ ಮತ್ತೆ ಮೈದಾನಕ್ಕೆ ಇಳಿದ.

ಉಸ್ತಾದರಲ್ಲ, ಶುಶ್ರೂಷಕರು

ಟ್ರೈನರ್ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಗರಡಿಮನೆಯ ಉಸ್ತಾದರ ಚಿತ್ರ. ಅಮೆರಿಕದಲ್ಲಿ ಈ ಹೆಸರಿನ ಅರ್ಥವೇ ಬೇರೆ. ಆಟ ಕಲಿಸುವುದು ಇವರ ಕೆಲಸವಲ್ಲ. ಪೆಟ್ಟಾಗದಂತೆ ನೋಡಿಕೊಳ್ಳುವುದು, ಆದ ಪೆಟ್ಟನ್ನು ಪರೀಕ್ಷಿಸುವುದು, ಆಪತ್ಕಾಲದ ಚಿಕಿತ್ಸೆ, ಗಾಯಗೊಂಡವನನ್ನು ಕ್ರಮಕ್ರಮವಾಗಿ ಆಟಕ್ಕೆ ಮರಳಿಸುವುದು, ಇವು ಇವರ ಹೊಣೆ. ಇವರ ರಾಷ್ಟ್ರೀಯ ಸಂಘವು ೧೯೫೦ರಲ್ಲಿ ಕ್ಯಾನ್ಸಸ್ ಸಿಟಿಯಲ್ಲಿ ಹುಟ್ಟಿತು. ೧೯೯೦ರಲ್ಲಿ ಅಮೆರಿಕದ ವೈದ್ಯಕೀಯ ಸಂಘವು ಈ ವೃತ್ತಿಯನ್ನು ವೈದ್ಯಕ್ಕೆ ಪೂರಕವಾದ ಆರೋಗ್ಯವೃತ್ತಿಯೆಂದು ಅಂಗೀಕರಿಸಿತು.

ಬದಲಾದ ಹಾದಿ

ಮೊದಲು ಪದವಿ ತರಗತಿಯಲ್ಲಿಯೇ ಈ ವಿದ್ಯೆಯನ್ನು ಕಲಿತು ವೃತ್ತಿಗೆ ಸೇರಬಹುದಿತ್ತು. ಅದನ್ನು ಸ್ನಾತಕೋತ್ತರ ಮಟ್ಟಕ್ಕೆ ಏರಿಸಬೇಕೆಂದು ೨೦೧೫ರಲ್ಲಿ ನಿರ್ಣಯವಾಯಿತು. ೨೦೨೨ರ ಬಳಿಕ ಪದವಿ ಮಟ್ಟದ ವೃತ್ತಿಶಿಕ್ಷಣಕ್ಕೆ ಹೊಸಬರನ್ನು ಸೇರಿಸಿಕೊಳ್ಳುವಂತಿಲ್ಲ. ಈಗ ಪದವಿಯ ನಾಲ್ಕು ವರ್ಷ, ಮೇಲೆ ಸಾಮಾನ್ಯವಾಗಿ ಎರಡು ವರ್ಷದ ಸ್ನಾತಕೋತ್ತರ ವ್ಯಾಸಂಗ, ಅನಂತರ ಪ್ರಮಾಣಪತ್ರದ ರಾಷ್ಟ್ರೀಯ ಪರೀಕ್ಷೆ. ಕೆಲವು ಕಾಲೇಜುಗಳು ಎರಡನ್ನೂ ಹೊಂದಿಸಿ ಐದು ವರ್ಷಗಳಲ್ಲಿ ಮುಗಿಸುವ ಏರ್ಪಾಡನ್ನೂ ಮಾಡಿವೆ. ಹಳೆಯ ಕ್ರಮವನ್ನು ಬಲ್ಲವರ ಸಲಹೆಯನ್ನೇ ನಂಬಿ ಹೊರಟ ವಿದ್ಯಾರ್ಥಿಯು, ಪದವಿ ಕೈಗೆ ಬಂದ ಮೇಲೆ ಇನ್ನೂ ಬಾಗಿಲಲ್ಲೇ ನಿಂತಿರುವುದನ್ನು ಕಾಣಬೇಕಾದೀತು.

ಆದುದರಿಂದ ಸಿದ್ಧತೆಯು ಪದವಿಯ ಮೊದಲನೆಯ ವರ್ಷದಲ್ಲಿಯೇ ಆರಂಭವಾಗತಕ್ಕದ್ದು. ಪದವಿಯ ಮುಖ್ಯ ವಿಷಯ ಯಾವುದೇ ಇರಲಿ, ಜೀವಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರ, ಮನಶ್ಶಾಸ್ತ್ರ, ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ ಇವುಗಳ ತಳಹದಿ ಅವಶ್ಯ. ಪೋಷಣಶಾಸ್ತ್ರ, ಸಂಖ್ಯಾಶಾಸ್ತ್ರಗಳನ್ನೂ ಕೇಳುವ ವಿಶ್ವವಿದ್ಯಾಲಯಗಳುಂಟು. ಒಂದು ವಿಷಯ ಬಿಟ್ಟುಹೋದರೂ ಒಂದು ವರ್ಷ ಹಿಂದೆ ಬೀಳುವ ಸಂಭವವಿದೆ.

ಭೌತಶಾಸ್ತ್ರವೇಕೆ?

ಆಟಕ್ಕೂ ಪ್ರಯೋಗಶಾಲೆಗೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ೨೦೦೧ರ ಆಗಸ್ಟ್ ೧ರಂದು ಮಿನ್ನೆಸೋಟಾದ ಪ್ರಸಿದ್ಧ ಫುಟ್‌ಬಾಲ್ ಆಟಗಾರ ಕೋರಿ ಸ್ಟ್ರಿಂಗರ್ ಬೇಸಗೆಯ ಅಭ್ಯಾಸದಲ್ಲಿ ಉಷ್ಣಾಘಾತಕ್ಕೆ ತುತ್ತಾಗಿ ತೀರಿಕೊಂಡ. ವಯಸ್ಸು ಇಪ್ಪತ್ತೇಳು. ಶ್ರಮದಿಂದ ಒಡಲಿನ ಶಾಖವು ಸುಮಾರು ೧೦೫ ಡಿಗ್ರಿ ಫ್ಯಾರನ್‌ಹೀಟ್ ಮೀರಿ ಬುದ್ಧಿ ತಡವರಿಸತೊಡಗಿತೆಂದರೆ, ಗಳಿಗೆಗಳು ಅಮೂಲ್ಯ. ನೀರು ಗಾಳಿಗಿಂತ ಬಹು ಬೇಗ ಶಾಖವನ್ನು ಸೆಳೆದುಕೊಳ್ಳುವುದರಿಂದ, ರೋಗಿಯನ್ನು ಮಂಜುಗಡ್ಡೆ ಬೆರೆತ ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಅರ್ಧ ಗಂಟೆಯೊಳಗೆ ತಂಪುಗೊಳಿಸಬೇಕು. ಮೊದಲು ತಂಪು, ಆಮೇಲೆ ಆಸ್ಪತ್ರೆ ಎಂಬುದು ಈ ವೃತ್ತಿಯ ಸೂತ್ರ. ಮೈದಾನದಲ್ಲಿ ಪುಸ್ತಕ ತೆರೆದು ನೋಡಲು ಸಮಯವಿರದು.

ಕಣ್ಣಾರೆ ಕಂಡು ಅರಿಯುವುದು

ಪುಸ್ತಕದ ಜೊತೆಗೆ ವೀಕ್ಷಣೆಯೂ ಬೇಕು. ಪ್ರಮಾಣಪತ್ರವುಳ್ಳ ಟ್ರೈನರ್ ಒಬ್ಬರ ಬಳಿ ನಿಗದಿಯಾದಷ್ಟು ಗಂಟೆಗಳ ಕಾಲ ಇದ್ದು ಕೆಲಸ ನೋಡಿದವರಿಗೇ ಹಲವು ಕಡೆ ಪ್ರವೇಶ. ಇದರಿಂದ ಇನ್ನೊಂದು ಲಾಭವುಂಟು. ಮುಂಜಾನೆಯ ಅಭ್ಯಾಸ, ರಾತ್ರಿಯ ಪಂದ್ಯ, ರಜಾದಿನಗಳ ಪ್ರಯಾಣ, ಗೆಲುವಿನ ಹೂಮಾಲೆ ಮಾತ್ರ ಇತರರಿಗೆ. ಈ ಬಾಳು ತನಗೆ ಒಗ್ಗುವುದೋ ಇಲ್ಲವೋ ಎಂಬುದನ್ನು ಹಣ ತೆರುವ ಮೊದಲೇ ಅರಿಯಬಹುದು. ಗಾಯಾಳುವನ್ನು ಆಡಿಸಲೇಬೇಕೆಂದು ತಂಡವೆಲ್ಲ ಆತುರಪಡುವಾಗ ‘ಕೂಡದು’ ಎನ್ನುವ ಎದೆಗಾರಿಕೆಯೂ ಇಲ್ಲಿ ಬೇಕಾದ ಗುಣ.

ತಾಯಿತಂದೆಗಳಿಗೆ ಒಂದು ಮಾತು

ಅಮೆರಿಕದಲ್ಲಿ ನೆಲೆಸಿರುವ ಕನ್ನಡ ಮನೆಗಳಲ್ಲಿ ಆಟದ ಒಲವೂ ವೈದ್ಯದ ಆಸೆಯೂ ಒಟ್ಟಿಗೆ ಇರುವ ಮಕ್ಕಳಿದ್ದರೆ, ಈ ಹಾದಿ ಪರಿಶೀಲನೆಗೆ ಯೋಗ್ಯವಾದುದು. ವಿಶ್ವವಿದ್ಯಾಲಯವನ್ನು ಆರಿಸುವಾಗ ಕಟ್ಟಡಗಳ ಅಂದಕ್ಕೆ ಮರುಳಾಗಬಾರದು. ಆ ವ್ಯಾಸಂಗಕ್ಕೆ ಅಧಿಕೃತ ಮಾನ್ಯತೆಯಿದೆಯೆ, ಅಲ್ಲಿಯ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿ ರಾಷ್ಟ್ರೀಯ ಪರೀಕ್ಷೆಯಲ್ಲಿ ಮೊದಲ ಸಲಕ್ಕೇ ತೇರ್ಗಡೆಯಾಗಿದ್ದಾರೆ ಎಂದು ವಿಚಾರಿಸಬೇಕು. ಮಾನ್ಯತೆಯ ನಿಯಮದಂತೆ ಈ ಅಂಕಿಗಳನ್ನು ಬಹಿರಂಗಪಡಿಸಲೇಬೇಕು. ಮೂರು ವರ್ಷಗಳ ಒಟ್ಟು ಲೆಕ್ಕದಲ್ಲಿ ಅದು ನೂರಕ್ಕೆ ೭೦ಕ್ಕಿಂತ ಕೆಳಗಿಳಿಯಬಾರದೆಂಬ ಮಿತಿಯೂ ಉಂಟು. ಎರಡು ವರ್ಷದ ಶುಲ್ಕವನ್ನೂ, ಮುಂದೆ ದೊರೆಯಬಹುದಾದ ಸಂಬಳವನ್ನೂ ತೂಗಿನೋಡಿ ಮುಂದುವರಿಯುವುದು ಲೇಸು.

ಜನರ ಕಣ್ಣು ಚೆಂಡಿನ ಮೇಲಿರುವಾಗ ಆಟಗಾರನ ಮೇಲೆ ಕಣ್ಣಿಟ್ಟು ಕುಳಿತಿರುವುದೇ ಇವರ ಕೆಲಸ. ಕೆಲವೇ ನಿಮಿಷಗಳ ಆ ಪರೀಕ್ಷೆಗೆ ವರ್ಷಗಳ ಓದು ಬೇಕು. ಆ ಓದಿಗೆ ಕಾಲೇಜಿನ ಮೊದಲ ದಿನವೇ ಸುಮುಹೂರ್ತ.