ಗ್ರೀಕ್ ಪ್ರಹಸನದಲ್ಲಿ ಕನ್ನಡವುಂಟೆ?

ಈಜಿಪ್ತಿನ ಆಕ್ಸಿರಿಂಕಸ್ ಎಂಬ ಪ್ರಾಚೀನ ನಗರದ ಕಸದ ದಿಬ್ಬಗಳಲ್ಲಿ ದೊರೆತ ಗ್ರೀಕ್ ಪ್ರಹಸನವೊಂದು 1903ರಲ್ಲಿ ಅಚ್ಚಾಯಿತು. ಕ್ರಿ. ಶ. 2ನೆಯ ಶತಮಾನದ ಆ ಹಸ್ತಪ್ರತಿಯಲ್ಲಿ, ಭಾರತದ ಕಡಲತೀರದಲ್ಲಿ ಸೆರೆಸಿಕ್ಕ ಯವನ ತರುಣಿಯೊಬ್ಬಳ ಕಥೆಯಿದೆ. ಅಲ್ಲಿಯ ಅರಸನೂ ಪರಿಜನರೂ ಆಡುವ ಕೆಲವು ಮಾತುಗಳು ಮಾತ್ರ ಗ್ರೀಕ್ ಅಲ್ಲ. 1904ರಲ್ಲಿ ಶಾಸನತಜ್ಞರಾದ ಹುಲ್ಷ್ ಮಹಾಶಯರು ರಾಯಲ್ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಅವು ಕನ್ನಡವೆಂದು ಬರೆದು, ‘ಕೊಂಚ’, ‘ಪಾತ್ರಕ್ಕೆ’ ಮುಂತಾದ ಪದಗಳನ್ನು ಓದಿ ತೋರಿಸಿದರು. ಮೈಸೂರಿನ ಶಾಮಶಾಸ್ತ್ರಿಗಳೂ ಈ ಮತವನ್ನು ಎತ್ತಿಹಿಡಿದರು. ಇದನ್ನು ಕೇಳಿ ಯಾವ ಕನ್ನಡಿಗನ ಮನಸ್ಸು ತಾನೆ ಹಿಗ್ಗದು!

ಆದರೆ 1926ರಲ್ಲಿ ಬಾರ್ನೆಟ್ ಎಂಬ ವಿದ್ವಾಂಸರು ಈಜಿಪ್ತಿನ ಪುರಾತತ್ತ್ವಕ್ಕೆ ಮೀಸಲಾದ ಪತ್ರಿಕೆಯೊಂದರಲ್ಲಿ ಇದನ್ನು ಅಲ್ಲಗಳೆದರು. ವಾಚಕರೇ, ತುಸು ವಿಚಾರಮಾಡಿರಿ. ಸುಮಾರು ಕ್ರಿ. ಶ. 450ರ ಹಲ್ಮಿಡಿ ಶಾಸನದ ಭಾಷೆಯೇ ನಮಗೆ ತೊಡಕು. ಅದಕ್ಕೂ ಮುನ್ನೂರು ವರ್ಷ ಹಿಂದಿನ ಮಾತು ನಮ್ಮ ಅಡಿಗೆಮನೆಯ ನುಡಿಯಂತೆ ಕೇಳಿಸಿದರೆ, ಅದು ಸಂತೋಷಕ್ಕಿಂತ ಸಂಶಯಕ್ಕೇ ಕಾರಣವಲ್ಲವೆ? ಅನಂತರ ಅದು ತುಳುವೆಂಬ ವಾದವೂ ಹುಟ್ಟಿತು. ಸರ್ವಸಮ್ಮತವಾದ ನಿರ್ಣಯ ಇನ್ನೂ ಆಗಿಲ್ಲ.

ವಿದ್ವತ್ಪತ್ರಿಕೆಗಳ ಹಿರಿಮೆ ಇರುವುದು ಇಲ್ಲಿಯೇ. ಹೇಳಿದವರು ಎಷ್ಟು ದೊಡ್ಡವರಾದರೂ ಅಲ್ಲಿ ಪರೀಕ್ಷೆ ತಪ್ಪದು. ಯುಕ್ತಿಗೆ ಯುಕ್ತಿಯೇ ಉತ್ತರ. ತಾಯ್ನುಡಿಯ ಮೇಲಣ ಮಮತೆ ದೊಡ್ಡದು. ಆದರೆ ಮಮತೆಯು ಪ್ರಮಾಣವಾಗದು.