ಶೌಚಾಲಯಕ್ಕೆ ಬೇಕು ಸರಿಯಾದ ಮರೆ

ಬೆಳಿಗ್ಗೆ ಬಸ್ಸು ಹಿಡಿದು ಹೈಸ್ಕೂಲಿಗೆ ಹೋಗುವ ನಿಮ್ಮ ಮಗಳು ಸಂಜೆ ಮನೆಗೆ ಬಂದೊಡನೆ ಪಾಟಿಚೀಲ ಎಸೆದು ಶೌಚಾಲಯಕ್ಕೆ ಓಡುತ್ತಾಳೆಯೆ? ಕೊಟ್ಟು ಕಳಿಸಿದ ನೀರಿನ ಬಾಟಲಿ ಮುಕ್ಕಾಲು ತುಂಬಿಯೇ ಮರಳುತ್ತದೆಯೆ? ಹಾಗಿದ್ದರೆ ಅವಳನ್ನು ಗದರಿಸುವ ಮುನ್ನ ಒಂದು ಪ್ರಶ್ನೆ ಕೇಳಿ: ‘ಶಾಲೆಯ ಶೌಚಾಲಯದ ಬಾಗಿಲಿಗೆ ಚಿಲಕ ಇದೆಯೇನಮ್ಮ?’

ಶೌಚಾಲಯ ಎಂದರೆ ನಾವು ಗುಂಡಿ, ನೀರು, ಫಿನಾಯಿಲ್ ಇಷ್ಟನ್ನೇ ಯೋಚಿಸುತ್ತೇವೆ. ಗೋಡೆ, ಬಾಗಿಲು, ಚಿಲಕಗಳೂ ಆರೋಗ್ಯದ ವಿಷಯವೇ ಎಂಬುದು ಹೊಳೆಯುವುದಿಲ್ಲ. ಮರೆ ಇಲ್ಲದ ಕಡೆ ಹೆಣ್ಣುಮಕ್ಕಳು ಹೋಗುವುದಿಲ್ಲ, ತಡೆದುಕೊಳ್ಳುತ್ತಾರೆ. ತಡೆದುಕೊಳ್ಳಬೇಕಾಗುತ್ತದೆಂದು ನೀರನ್ನೇ ಕುಡಿಯುವುದಿಲ್ಲ.

ತಡೆದರೆ ಏನಾಗುತ್ತದೆ?

ದೊಡ್ಡವರ ಮೂತ್ರಕೋಶದಲ್ಲಿ ಸುಮಾರು 150ರಿಂದ 200 ಮಿ.ಲೀ. ಮೂತ್ರ ಸೇರಿದಾಗ ಹೋಗಬೇಕೆಂಬ ಸೂಚನೆ ಬರುತ್ತದೆ. ಒಮ್ಮೊಮ್ಮೆ ಸ್ವಲ್ಪ ಹೊತ್ತು ತಡೆದರೆ ತೊಂದರೆಯಿಲ್ಲ. ದಿನವೂ ಏಳೆಂಟು ಗಂಟೆ ತಡೆಯುವುದು ಮಾತ್ರ ಒಳ್ಳೆಯದಲ್ಲ. ಮೂತ್ರ ಹರಿದುಹೋಗುವಾಗ ರೋಗಾಣುಗಳನ್ನೂ ತೊಳೆದುಕೊಂಡು ಹೋಗುತ್ತದೆ; ನಿಂತ ಮೂತ್ರದಲ್ಲಿ ಅವು ಬೆಳೆಯುತ್ತವೆ. ಹೆಂಗಸರ ಮೂತ್ರದ್ವಾರದ ನಾಳ ಸುಮಾರು 4 ಸೆಂ.ಮೀ. ಮಾತ್ರ, ಗಂಡಸರದು ಸುಮಾರು 20 ಸೆಂ.ಮೀ. ಆದ್ದರಿಂದ ಮಲದಲ್ಲಿರುವ ಇ. ಕೋಲೈ ರೋಗಾಣು ಹೆಂಗಸರಲ್ಲಿ ಬೇಗ ಮೇಲೇರುತ್ತದೆ. ಉರಿಮೂತ್ರ, ಪದೇ ಪದೇ ಹೋಗಬೇಕೆನಿಸುವುದು, ಕೆಳಹೊಟ್ಟೆ ನೋವು ಇದರ ಲಕ್ಷಣಗಳು. ಇದರೊಂದಿಗೆ ಚಳಿಜ್ವರ, ಸೊಂಟದ ಮೇಲ್ಭಾಗದಲ್ಲಿ ನೋವು ಬಂದರೆ ಸೋಂಕು ಮೂತ್ರಪಿಂಡಕ್ಕೆ ತಲುಪಿರಬಹುದು. ಮನೆಮದ್ದಿನಲ್ಲಿ ಕಾಲ ಕಳೆಯದೆ ಅದೇ ದಿನ ವೈದ್ಯರನ್ನು ಕಾಣಿ. ಗರ್ಭಿಣಿಯರಲ್ಲಿ ಈ ಸೋಂಕು ಅಕಾಲ ಹೆರಿಗೆಗೂ ಕಾರಣವಾಗಬಲ್ಲದು. ಮಲವನ್ನು ತಡೆಯುವವರಿಗೆ ಮಲಬದ್ಧತೆ, ಅದರಿಂದ ಮೂಲವ್ಯಾಧಿ.

ಜೋಯಿಡಾದ ಕಾಡಂಚಿನ ಹಳ್ಳಿಗಳಲ್ಲಿ ಇನ್ನೊಂದು ಕಷ್ಟವಿದೆ. ಶೌಚಾಲಯ ಇಲ್ಲದಿದ್ದರೆ, ಇದ್ದೂ ಬಾಗಿಲು ಮುರಿದಿದ್ದರೆ, ಹೆಂಗಸರು ಕತ್ತಲಾಗುವುದನ್ನೇ ಕಾಯಬೇಕು. ಕತ್ತಲಲ್ಲಿ ಹಾವಿನ ಭಯ, ಕರಡಿಯ ಭಯ. ಜೊತೆಗೆ ಸುರಿಯುವ ಮಳೆ.

ಗೋಡೆ ಹೇಗಿರಬೇಕು?

ಒಳಗೆ ಕನಿಷ್ಠ 3 ಅಡಿ ಅಗಲ, 4 ಅಡಿ ಉದ್ದ ಜಾಗವಿರಲಿ. ಬಿದಿರ ತಟ್ಟಿ, ಸೋಗೆಯ ಮರೆ ಅಗ್ಗವೇನೋ ಹೌದು. ಆದರೆ ಒಂದೆರಡು ಮಳೆಗಾಲದಲ್ಲಿ ಗೆದ್ದಲು ಹಿಡಿದು ಕಿಂಡಿ ಬೀಳುತ್ತದೆ. ಸಾಧ್ಯವಾದವರು ಚಿರೆಕಲ್ಲು ಅಥವಾ ಇಟ್ಟಿಗೆಯ ಗೋಡೆ ಕಟ್ಟಿ, ಒಳಬದಿಗೆ ಮೂರು ಅಡಿಯವರೆಗಾದರೂ ಸಿಮೆಂಟ್ ಗಿಲಾವು ಮಾಡಿಸಿ. ನೀರು ಕುಡಿಯದ ಗೋಡೆಯನ್ನು ತೊಳೆಯುವುದು ಸುಲಭ.

ಶಾಲೆ, ಬಸ್ ನಿಲ್ದಾಣ, ದಾಂಡೇಲಿಯ ಪ್ರವಾಸಿ ತಂಗುದಾಣಗಳಲ್ಲಿ ಸಾಲು ಶೌಚಾಲಯ ಕಟ್ಟುವವರು ಅಡ್ಡಗೋಡೆಯನ್ನು ಏಳು ಅಡಿಯವರೆಗೆ ಏರಿಸಬೇಕು. ಹಲಗೆಯ ಅಡ್ಡಮರೆಯ ಕೆಳಗೆ ಒಂದು ಅಡಿ ಸಂದು ಬಿಡುವ ಪದ್ಧತಿ ವಿದೇಶಗಳಲ್ಲಿದೆ. ಅದು ಕುರ್ಚಿಯಂಥ ಕಮೋಡಿನ ಮೇಲೆ ಕೂರುವವರಿಗೆ ಸರಿ. ಕುಕ್ಕರಗಾಲಲ್ಲಿ ಕೂರುವ ನಮ್ಮ ಶೌಚಾಲಯಕ್ಕೆ ಅದು ಹೊಂದದು. ಅಷ್ಟು ಸಂದಿದ್ದರೆ ಮರೆಯೇ ಇಲ್ಲದಂತೆ. ಸಾಮಾನ್ಯ ಪ್ಲೈವುಡ್ ನೀರು ಕುಡಿದು ಉಬ್ಬುತ್ತದೆ. ಇಟ್ಟಿಗೆ ಗೋಡೆಗೆ ಜಾಗ ಸಾಲದಿದ್ದರೆ ಕಡಪ ಕಲ್ಲಿನ ಹಾಸನ್ನು ನೆಟ್ಟಗೆ ನಿಲ್ಲಿಸಿ ಭದ್ರಪಡಿಸಬಹುದು. ಗಂಡುಹುಡುಗರ ಮೂತ್ರಾಲಯಕ್ಕೂ ನಡುವೆ ಮರೆ ಬೇಕು. ನಾಚಿಕೆ ಅವರಿಗೂ ಇದೆ.

ಬಾಗಿಲು ಮತ್ತು ಚಿಲಕ

ನಮ್ಮ ಕಡೆಯ ಮಳೆಗಾಲದಲ್ಲಿ ಮರದ ಬಾಗಿಲು ಉಬ್ಬಿ ಚೌಕಟ್ಟಿಗೆ ಕೂರುವುದಿಲ್ಲ, ಚಿಲಕ ತೂತಿಗೆ ಸೇರುವುದಿಲ್ಲ. ಕೆಳತುದಿ ಕೊಳೆತು ಉದುರುತ್ತದೆ. ಪಿವಿಸಿ ಬಾಗಿಲಿಗೆ ಈ ತೊಂದರೆಯಿಲ್ಲ. ಮರದ ಬಾಗಿಲೇ ಇದ್ದರೆ ಅಂಚಿಗೂ ಬಣ್ಣ ಬಳಿದು, ಕೆಳಗಿನ ಒಂದು ಅಡಿಗೆ ತಗಡು ಹೊಡೆಸಿ.

ವಯಸ್ಸಾದವರಿರುವ ಮನೆಯಲ್ಲಿ ಬಾಗಿಲು ಹೊರಕ್ಕೆ ತೆರೆಯುವಂತಿರಲಿ. ಮಲವಿಸರ್ಜನೆಗೆ ಮುಕ್ಕುವಾಗ, ಇಲ್ಲವೆ ರಾತ್ರಿ ಎದ್ದು ಮೂತ್ರಕ್ಕೆ ಹೋದಾಗ ರಕ್ತದೊತ್ತಡ ಇಳಿದು ಕೆಲವರು ಕುಸಿಯುವುದುಂಟು. ಬಾಗಿಲು ಒಳಕ್ಕೆ ತೆರೆಯುವಂತಿದ್ದರೆ ಬಿದ್ದವರ ಮೈಯೇ ಅಡ್ಡವಾಗಿ, ಹೊರಗಿನವರು ಒಳಹೋಗಲಾರರು. ಗೋಡೆಗೆ ಹಿಡಿದು ಏಳಲು ಒಂದು ಪೈಪು ಹಾಕಿಸಿ. ಚಿಲಕ ಮಕ್ಕಳ ಕೈಗೂ ಎಟುಕಲಿ.

ಮರೆ ಇರಲಿ, ಗಾಳಿಯೂ ಇರಲಿ

ಮರೆ ಬೇಕೆಂದು ಕಿಟಕಿ ಕಿಂಡಿಗಳನ್ನೆಲ್ಲ ಮುಚ್ಚುವುದು ಅಪಾಯ. ತಲೆಗಿಂತ ಎತ್ತರದಲ್ಲಿ ಸಿಮೆಂಟಿನ ಜಾಲರಿ ಇಟ್ಟರೆ ಮರೆಯೂ ಉಳಿಯುತ್ತದೆ, ಗಾಳಿಯೂ ಬರುತ್ತದೆ. ಬಚ್ಚಲುಮನೆಯಲ್ಲಿ ಇದು ಪ್ರಾಣದ ಪ್ರಶ್ನೆ. ಮುಚ್ಚಿದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಅಥವಾ ಹಂಡೆಯ ಒಲೆ ಉರಿದರೆ ಕಾರ್ಬನ್ ಮೊನಾಕ್ಸೈಡ್ ಅನಿಲ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಸ್ನಾನ ಮಾಡುತ್ತಿರುವವರು ಕೂಗುವ ಮೊದಲೇ ಪ್ರಜ್ಞೆ ತಪ್ಪುತ್ತಾರೆ. ಗ್ಯಾಸ್ ಗೀಸರನ್ನು ಬಚ್ಚಲಿನ ಹೊರಗೇ ಕೂರಿಸಿ. ಒಲೆಯ ಬಾಯಿ ಹೊರಗಿರಲಿ, ಹೊಗೆಗೂಡು ಇರಲಿ.

ನೀವು ಮಾಡಬೇಕಾದ್ದು

2012ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಎಲ್ಲ ಶಾಲೆಗಳಿಗೂ ಆರು ತಿಂಗಳೊಳಗೆ ಕುಡಿಯುವ ನೀರು, ಶೌಚಾಲಯ ಒದಗಿಸಬೇಕೆಂದು ರಾಜ್ಯಗಳಿಗೆ ಆದೇಶಿಸಿತು. 2014ರಲ್ಲಿ ಆರಂಭವಾದ ಸ್ವಚ್ಛ ಭಾರತ ಅಭಿಯಾನದಲ್ಲಿ ಹಳ್ಳಿಯ ಮನೆಗಳಿಗೂ ಶೌಚಾಲಯ ಬಂದವು. ಆದರೆ ಕಟ್ಟಿದ ಮೇಲೆ ಸಡಿಲಾದ ತಿರುಪು, ಕಳಚಿದ ಕೀಲು ನೋಡುವವರು ಯಾರು? ಹಳಿಯಾಳವಿರಲಿ, ಮುಂಡಗೋಡವಿರಲಿ, ನಿಮ್ಮ ಊರಿನ ಶಾಲಾಭಿವೃದ್ಧಿ ಸಮಿತಿಯ ಮುಂದಿನ ಸಭೆಗೆ ಹೋದಾಗ ಈ ಐದನ್ನು ಕೇಳಿ: ಒಳಗಿನಿಂದ ಹಾಕುವ ಚಿಲಕ ಇದೆಯೆ? ಬಾಗಿಲಲ್ಲಿ ಕಿಂಡಿ ಇದೆಯೆ? ಒಳಗೆ ನೀರು ಬರುತ್ತದೆಯೆ? ಬಟ್ಟೆ ತೂಗಹಾಕಲು ಮೊಳೆ, ಮುಟ್ಟಿನ ಪ್ಯಾಡು ಹಾಕಲು ಮುಚ್ಚಳದ ಡಬ್ಬಿ ಇದೆಯೆ? ಬಿಡುವಿನ ವೇಳೆಯಲ್ಲಿ ಬೀಗ ತೆಗೆದಿರುತ್ತದೆಯೆ?

ಒಂದು ಚಿಲಕಕ್ಕೆ ಹೆಚ್ಚು ಖರ್ಚಿಲ್ಲ. ಅದನ್ನು ಹಾಕಿಸಿದ ಮರುವಾರ ಮಗಳ ನೀರಿನ ಬಾಟಲಿ ನೋಡಿ. ಅದು ಖಾಲಿಯಾಗಿ ಮನೆಗೆ ಬಂದರೆ ನೀವು ಮಾಡಿದ ಕೆಲಸ ಸರಿಯಾಗಿದೆ ಎಂದು ತಿಳಿಯಿರಿ.