ನಿಮಗಿದು ಗೊತ್ತೆ? ಲಾಕ್‌ಡೌನ್‌ ತೂಕಕ್ಕೆ ಕಾಲಷ್ಟೇ ಹೊಣೆಯಲ್ಲ

ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್‌ ಅನ್ನು ಜಾಗತಿಕ ಪಿಡುಗು ಎಂದು ಸಾರಿದ್ದು 2020ರ ಮಾರ್ಚ್‌ 11ರಂದು. ಅದಾದ 30 ದಿನಗಳೊಳಗೆ ಜನರ ನಡಿಗೆ ದಿನಕ್ಕೆ ಸರಾಸರಿ 1,400 ಹೆಜ್ಜೆಗಳಷ್ಟು, ಅಂದರೆ ಶೇ 27ರಷ್ಟು ಕುಸಿದಿತ್ತು. 187 ದೇಶಗಳ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಮೊಬೈಲ್‌ ಬಳಕೆದಾರರಿಂದ ಸಿಕ್ಕ ಲೆಕ್ಕವಿದು. ಬಿಗಿ ಲಾಕ್‌ಡೌನ್‌ ಹೇರಿದ್ದ ಇಟಲಿಯಲ್ಲಿ ಇಳಿಕೆ ಶೇ 49ರ ಹತ್ತಿರಕ್ಕೆ ಹೋದರೆ, ಹೆಚ್ಚಿನದನ್ನು ಜನರ ವಿವೇಚನೆಗೇ ಬಿಟ್ಟಿದ್ದ ಸ್ವೀಡನ್ನಿನಲ್ಲಿ ಶೇ 7 ದಾಟಲಿಲ್ಲ. ಮೊಬೈಲನ್ನು ಮೇಜಿನ ಮೇಲಿಟ್ಟು ಮನೆಯೊಳಗೆ ಓಡಾಡಿದ್ದು ಇದರಲ್ಲಿ ಸೇರುವುದಿಲ್ಲವಲ್ಲ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ.

ಆದರೆ ತೂಕದ ಯಂತ್ರದ ಮುಂದೆ ಆ ಆಕ್ಷೇಪ ನಿಲ್ಲದು. ಅಮೆರಿಕದಲ್ಲಿ ಬ್ಲೂಟೂತ್‌ ತೂಕದ ಯಂತ್ರ ಬಳಸುತ್ತಿದ್ದ 269 ಮಂದಿಯನ್ನು ಗಮನಿಸಿದಾಗ, ಮನೆಯಲ್ಲೇ ಇರಬೇಕೆಂಬ ಆದೇಶದ ನಂತರ ಪ್ರತಿ 10 ದಿನಕ್ಕೆ ಸರಾಸರಿ 0.27 ಕೆ.ಜಿ. ಏರಿಕೆ ಕಂಡಿತು. ಗುಂಪು ಸಣ್ಣದು, ನಿಜ. ಆದರೆ ಅಲ್ಲಿನ 4.3 ಲಕ್ಷ ಮಕ್ಕಳು ಮತ್ತು ಹದಿಹರೆಯದವರ ದಾಖಲೆಗಳಲ್ಲೂ ಬಿಎಂಐ ಏರಿಕೆಯ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗಿತ್ತು.

ಹಾಗಾದರೆ ತಪ್ಪೆಲ್ಲ ನಿಂತ ಕಾಲಿನದೇ? ಲೆಕ್ಕ ಹಾಕಿ ನೋಡಿ. 1,400 ಹೆಜ್ಜೆ ಎಂದರೆ ಸುಮಾರು ಒಂದು ಕಿಲೋಮೀಟರ್‌. ಅದಕ್ಕೆ ವ್ಯಯವಾಗುವುದು 50–60 ಕ್ಯಾಲೊರಿ. 10 ದಿನಕ್ಕೆ 0.27 ಕೆ.ಜಿ. ಕೊಬ್ಬು ಸೇರಬೇಕಾದರೆ ದಿನಕ್ಕೆ 200 ಕ್ಯಾಲೊರಿಯಷ್ಟು ಮಿಗಬೇಕು. ಉಳಿದ ಪಾಲಿಗೆ ಆಟ, ಜಿಮ್‌, ಮೈಮುರಿವ ಕೆಲಸ ನಿಂತದ್ದೂ ಹೊತ್ತುಗೊತ್ತಿಲ್ಲದ ತಿಂಡಿಯೂ ಲೆಕ್ಕಕ್ಕೆ ಬರಬೇಕು. ಲಾಕ್‌ಡೌನ್‌ ಬೀದಿಯನ್ನಷ್ಟೇ ಮುಚ್ಚಲಿಲ್ಲ, ದಿನಚರಿಯನ್ನೇ ಕದಡಿತು. ಮುಂದೊಮ್ಮೆ ಇಂಥ ಆದೇಶ ಬಂದರೆ ನಡಿಗೆಗೆ ಅವಕಾಶ ಉಳಿಸುವುದರ ಜೊತೆಗೆ ಊಟದ ಹೊತ್ತನ್ನೂ ಕಾಯ್ದುಕೊಳ್ಳಬೇಕು.